ಆಟಕ್ಕುಂಟು, ಲೆಕ್ಕಕ್ಕಿಲ್ಲ: ಈಸೂರಿನ ಬಾಲ ಅಧಿಕಾರಿಗಳು ಮತ್ತು ಶಾಲೆಯೊಳಗಿನ ಹಿಂಸೆಯ ಚರಿತ್ರೆ

ಪೀಠಿಕೆ

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮವು ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಚರಿತ್ರೆಯಲ್ಲಿ ಮುಖ್ಯವಾಗಿ ಎರಡು ಸಂಗತಿಗಳಿಂದ ಗುರುತಿಸಲ್ಪಟ್ಟಿದೆ. 1942ರ ಕ್ವಿಟ್ ಇಂಡಿಯಾ ಚಳವಳಿಯ ಸಂದರ್ಭದಲ್ಲಿ ಮೈಸೂರು ಸಂಸ್ಥಾನದ ಈ ಸಣ್ಣ ಹಳ್ಳಿ ತನ್ನನ್ನು ತಾನು ಸ್ವತಂತ್ರವೆಂದು ಘೋಷಿಸಿಕೊಂಡುದು ಒಂದು. ಆ ಬಳಿಕ ನಡೆದ ಘಟನೆಗಳಿಗಾಗಿ ಊರಿನ ಐವರು 1943ರ ಮಾರ್ಚ್ ತಿಂಗಳಿನಲ್ಲಿ ಗಲ್ಲಿಗೇರಿದುದು ಇನ್ನೊಂದು. ಈ ಎರಡರ ನಡುವೆ, ಪ್ರಾಸಂಗಿಕವೆಂಬಂತೆ ಒಂದೆರಡು ವಾಕ್ಯಗಳಲ್ಲಿ ಬಂದುಹೋಗುವ ಮೂರನೆಯ ಸಂಗತಿಯೊಂದಿದೆ. ಸ್ವತಂತ್ರ ಈಸೂರಿನ ಆಡಳಿತದಲ್ಲಿ ಅಮಲ್ದಾರ ಮತ್ತು ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನೇಮಕವಾದವರು ಜಯಣ್ಣ ಮತ್ತು ಮಲ್ಲಪ್ಪ ಎಂಬ ಇಬ್ಬರು ಬಾಲಕರು.

ಹಿರಿಯರು ಮಕ್ಕಳ ಕೈಗೆ ಅಧಿಕಾರವನ್ನು ಕೊಡುವುದೆಂದರೆ ಏನು? ಅಧಿಕಾರದ ಜೊತೆಗೆ ರಕ್ಷಣೆಯನ್ನೂ ಕೊಡಲಾಗುತ್ತದೆಯೆ? ಈ ಪ್ರಶ್ನೆಗಳು 1942ರ ಈಸೂರಿಗೆ ಮಾತ್ರ ಸೀಮಿತವಾದವುಗಳಲ್ಲ. ತರಗತಿಗೊಬ್ಬ ಮಾನಿಟರ್, ಶಾಲೆಗೊಂದು ಮಂತ್ರಿಮಂಡಲ ಎಂಬ ವ್ಯವಸ್ಥೆ ಕನ್ನಡ ಶಾಲೆಗಳಲ್ಲಿ ಬಹುಕಾಲದಿಂದ ಇದೆ. ಅದೇ ಶಾಲೆಗಳಲ್ಲಿ ದೊಡ್ಡ ಮಕ್ಕಳು ಸಣ್ಣವರನ್ನು ಪೀಡಿಸುವುದು, ಗುಂಪುಗೂಡಿ ಒಬ್ಬರನ್ನು ಅವಮಾನಿಸುವುದು, ಹೊಡೆಯುವುದು ಕೂಡ ಇದೆ. ಇದನ್ನು ಸಾಮಾನ್ಯವಾಗಿ ಶಿಸ್ತಿನ ಸಮಸ್ಯೆಯೆಂದು ಪರಿಗಣಿಸಲಾಗುತ್ತದೆ. ಆದರೆ ಇದು ಮೂಲತಃ ಮಗುವಿನ ಮಾತು ಯಾರ ಲೆಕ್ಕಕ್ಕೆ ಸೇರುತ್ತದೆ ಎಂಬ ಪ್ರಶ್ನೆ. ಶಿಕಾರಿಪುರ ಪರಿಸರದ ಶಾಸನಗಳು, ಕೂಲಿಮಠದ ದಾಖಲೆಗಳು, ಈಸೂರಿನ ಕಥನ ಹಾಗೂ ಮಕ್ಕಳ ಆಟಗಳ ಭಾಷೆ ಇವುಗಳನ್ನು ಜೊತೆಗಿಟ್ಟು ನೋಡಿದಾಗ ಈ ಅಂಶ ಸ್ಪಷ್ಟವಾಗುತ್ತದೆ.

ಅವಮಾನ ಮತ್ತು ಅಭಯ: ಎರಡು ಶಾಸನಗಳು

ವಿದ್ಯಾಸ್ಥಾನ ಮತ್ತು ಹಿಂಸೆಗಳ ಸಂಬಂಧವನ್ನು ಕುರಿತ ಎರಡು ಮಹತ್ವದ ಆಕರಗಳು ಈಸೂರು ಇರುವ ತಾಲ್ಲೂಕಿನಲ್ಲಿಯೇ ದೊರೆಯುತ್ತವೆ. ಮೊದಲನೆಯದು ತಾಳಗುಂದದ ಸ್ತಂಭಶಾಸನ. ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಶಾಸನವು ಕದಂಬ ವಂಶದ ಮೂಲಪುರುಷ ಮಯೂರಶರ್ಮನ ವೃತ್ತಾಂತವನ್ನು ಹೇಳುತ್ತದೆ. ಗುರು ವೀರಶರ್ಮನೊಡನೆ ಹೆಚ್ಚಿನ ವ್ಯಾಸಂಗಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹ ಉಂಟಾಗುತ್ತದೆ. ಅದರಿಂದ ನೊಂದ ವಿದ್ಯಾರ್ಥಿ ದರ್ಭೆ ಹಿಡಿಯುವ ಕೈಯಲ್ಲಿ ಖಡ್ಗ ಹಿಡಿಯುತ್ತಾನೆ. ಇದನ್ನು ಕನ್ನಡ ನಾಡಿನ ಮೊದಲ ರಾಜವಂಶದ ಉದಯದ ಕಥೆಯಾಗಿ ಓದುವುದು ರೂಢಿ. ವಿದ್ಯಾಸ್ಥಾನದಲ್ಲಿ ಅವಮಾನಿತನಾದ ವಿದ್ಯಾರ್ಥಿಯೊಬ್ಬನು ಓದನ್ನು ಬಿಟ್ಟು ಆಯುಧ ಹಿಡಿದ ಕಥೆಯಾಗಿಯೂ ಇದನ್ನು ಓದಲು ಸಾಧ್ಯವಿದೆ. ಅವಮಾನವು ಅವಮಾನಿತನಲ್ಲಿಯೇ ಉಳಿಯುವುದಿಲ್ಲ, ಅದು ಬೇರೊಂದು ಹಿಂಸೆಯಾಗಿ ಹೊರಬರುತ್ತದೆ ಎಂಬ ತಿಳಿವಳಿಕೆ ಅದರಲ್ಲಿದೆ.

ಎರಡನೆಯದು ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಕೋಡಿಯ ಮಠದ ಶಾಸನ. ಕಾಳಾಮುಖ ಯತಿಗಳ ಈ ಮಠವನ್ನು ಕ್ರಿ.ಶ. 1162ರ ಶಾಸನವು ಬಹುಬಗೆಯಾಗಿ ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುವ ತಾಣ ಅದು. ಬೌದ್ಧ, ಜೈನ ಮತಗಳ ಚಿಂತನೆಗೂ ಅಲ್ಲಿ ಎಡೆಯಿದೆ. ದೀನರಿಗೆ, ಅಂಗವಿಕಲರಿಗೆ, ಅಂಧರಿಗೆ ಅನ್ನವಿದೆ, ರೋಗಿಗಳಿಗೆ ಚಿಕಿತ್ಸೆಯಿದೆ. ಈ ಪಟ್ಟಿಯ ಕೊನೆಗೆ, ಅದು ಸಕಲ ಜೀವಿಗಳಿಗೆ ಅಭಯ ನೀಡುವ ಸ್ಥಾನವೆಂಬ ಮಾತು ಬರುತ್ತದೆ. ಪ್ರಶಸ್ತಿಪರವಾದ ಈ ವರ್ಣನೆಯಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ವಿದ್ಯಾಸ್ಥಾನದ ಹೆಗ್ಗಳಿಕೆಯನ್ನು ಹೇಳುವಾಗ ಪಾಠಪಟ್ಟಿಯೊಂದೇ ಸಾಲದು, ಅಲ್ಲಿಗೆ ಬಂದವರಿಗೆ ಭಯವಿಲ್ಲವೆಂದೂ ಹೇಳಬೇಕು ಎಂಬ ಮೌಲ್ಯಪ್ರಜ್ಞೆ ಹನ್ನೆರಡನೆಯ ಶತಮಾನದ ಶಾಸನಕವಿಗೆ ಇತ್ತೆಂಬುದು ಗಮನಾರ್ಹ. ಇಂದು ಶಾಲಾ ಸುರಕ್ಷತೆ ಎಂದು ಕರೆಯುವ ವಿಚಾರಕ್ಕೆ ಈ ಪ್ರದೇಶದಲ್ಲಿ ಅಭಯ ಎಂಬ ಹಳೆಯ ಹೆಸರಿದೆ.

ಕೂಲಿಮಠ: ಮಕ್ಕಳ ಮೇಲೆ ಮಕ್ಕಳ ಅಧಿಕಾರ

ಈ ಆದರ್ಶಕ್ಕೂ ಊರೂರಿನ ಕೂಲಿಮಠಗಳ ವಾಸ್ತವಕ್ಕೂ ಬಹಳ ಅಂತರವಿತ್ತು. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯು ಕನ್ನಡ, ತೆಲುಗು ಭಾಷಿಕ ಪ್ರದೇಶದ ದೇಶೀ ಶಾಲೆಗಳ ವಿವರವಾದ ಚಿತ್ರವನ್ನು ಕೊಡುತ್ತದೆ. ಅವನ ಲೆಕ್ಕದಂತೆ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ಅನಂತರ ಬಂದವರಿಗೆ ಒಂದೊಂದು ಏಟು ಹೆಚ್ಚು. ಸೋಮಾರಿಗಳಿಗೆ ಚಡಿ ಏಟು ಬೀಳುತ್ತಿತ್ತು. ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕಲಾಗುತ್ತಿತ್ತು. ಇಲ್ಲವೆ ಬಸ್ಕಿ ಹೊಡೆಸಲಾಗುತ್ತಿತ್ತು. ಕನ್ನಡ ನಾಡಿನ ಐಗಳ ಮಠಗಳ ನೆನಪುಗಳಲ್ಲಿ ಮರಳಿ ಮರಳಿ ಬರುವ ಕೋದಂಡದ ಶಿಕ್ಷೆ ಇದೇ ಬಗೆಯದು. 'ಛಡಿ ಚಂ ಚಂ, ವಿದ್ಯಾ ಘಂ ಘಂ' ಎಂಬ ಗಾದೆಯೂ 'ದಂಡಂ ದಶಗುಣಂ' ಎಂಬ ನುಡಿಯೂ ಈ ಪದ್ಧತಿಗೆ ಲೋಕಸಮ್ಮತಿಯನ್ನು ಒದಗಿಸಿದವು.

ಈ ವರದಿಯಲ್ಲಿ ಇನ್ನೊಂದು ಅಂಶವಿದೆ. ಕೆಳಗಿನ ವರ್ಗಗಳ ಮಕ್ಕಳನ್ನು ಭಾಗಶಃ ಮೇಲಿನ ವರ್ಗದ ಹುಡುಗರೇ ನೋಡಿಕೊಳ್ಳುತ್ತಿದ್ದರು. ದಕ್ಷಿಣ ಭಾರತದ ಜಗಲಿ ಶಾಲೆಗಳ ಈ ಕ್ರಮವನ್ನು ಗಮನಿಸಿದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯವೊಂದರಲ್ಲಿ ಅದನ್ನು ಪ್ರಯೋಗಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದನು. ಮದರಾಸು ಪದ್ಧತಿ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ಬಂದಿತು. ಅಲ್ಲಿ ರೂಢಿಯಾದ ಮಾನಿಟರ್ ಎಂಬ ಪದವೇ ಮುಂದೆ ಕನ್ನಡ ತರಗತಿಗಳಿಗೂ ಹೊಕ್ಕಿತು.

ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸಲು ಈ ಪದ್ಧತಿ ನೆರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಉಪಾಧ್ಯಾಯರ ಬೆತ್ತದ ಅಧಿಕಾರವು ಅದರ ಮೂಲಕ ಮಕ್ಕಳ ಕೈಗೂ ವರ್ಗಾವಣೆಯಾಯಿತು. ಮಾತನಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮಾನಿಟರ್, ಉತ್ತರ ಹೇಳಿದ ಹುಡುಗನಿಂದ ಹೇಳದವನ ಮೂಗು ಹಿಡಿಸಿ ಕೆನ್ನೆಗೆ ಹೊಡೆಸುವ ಶಿಕ್ಷೆ, ಇವೆಲ್ಲ ಹಿಂದಿನ ತಲೆಮಾರುಗಳ ಶಾಲಾ ನೆನಪುಗಳಲ್ಲಿ ಸಾಮಾನ್ಯ. ಇಲ್ಲಿ ಒಂದು ಮಗು ಇನ್ನೊಂದು ಮಗುವಿಗೆ ಹೊಡೆಯುವುದು ಶಾಲೆಯ ನಿಯಮದ ಉಲ್ಲಂಘನೆಯಲ್ಲ, ಪಾಲನೆ. ತರಗತಿಯಲ್ಲಿ ಅಪ್ಪಣೆಯಂತೆ ಹೊಡೆದ ಕೈ ಬಯಲಿನಲ್ಲಿ ಅಪ್ಪಣೆಯಿಲ್ಲದೆಯೂ ಹೊಡೆಯುತ್ತದೆ. ವಿದ್ಯಾರ್ಥಿಗಳ ನಡುವಿನ ಹಿಂಸೆಯನ್ನು ಮಕ್ಕಳ ಸ್ವಭಾವದಲ್ಲಿ ಮಾತ್ರ ಹುಡುಕುವವರು ಈ ಚರಿತ್ರೆಯನ್ನು ಮರೆತಿರುತ್ತಾರೆ.

ಈಸೂರಿನ ಬಾಲ ಅಧಿಕಾರಿಗಳು

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ ಸಮಿತಿಯು ಕ್ವಿಟ್ ಇಂಡಿಯಾ ನಿರ್ಣಯವನ್ನು ಅಂಗೀಕರಿಸಿದ ಮೇಲೆ ಕನ್ನಡ ಪ್ರದೇಶದ ಎಲ್ಲೆಡೆ ವಿದ್ಯಾರ್ಥಿಗಳು ಶಾಲೆ ಕಾಲೇಜುಗಳಿಂದ ಹೊರಬಂದರು. ಅದೇ ತಿಂಗಳು ಹುಬ್ಬಳ್ಳಿಯಲ್ಲಿ ನಾರಾಯಣ ಮಹಾದೇವ ಡೋಣಿ ಎಂಬ ಬಾಲಕ ಪೊಲೀಸರ ಗುಂಡಿಗೆ ಬಲಿಯಾದನು. ಐದು ವರ್ಷಗಳ ಅನಂತರ, 1947ರ ಸೆಪ್ಟೆಂಬರಿನಲ್ಲಿ, ಮೈಸೂರು ಚಲೋ ಚಳವಳಿಯ ವೇಳೆ ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿನಿಂದ ಸತ್ತನು. ಅಲ್ಲಿನ ವೃತ್ತವೊಂದು ಅವನ ಹೆಸರನ್ನು ಹೊತ್ತಿದೆ. ಮಕ್ಕಳು ಚಳವಳಿಯ ಅಂಚಿನಲ್ಲಿ ನಿಂತು ನೋಡಿದವರಲ್ಲ, ಅದರ ಮುಂಭಾಗದಲ್ಲಿ ಇದ್ದವರು.

ಈಸೂರಿನಲ್ಲಿ ಇದು ವಿಶಿಷ್ಟ ರೂಪ ತಾಳಿತು. ಸಾಹುಕಾರ್ ಬಸವಣ್ಯಪ್ಪನವರ ಮುಂದಾಳುತನದಲ್ಲಿ ಗ್ರಾಮಸ್ಥರು ಕಂದಾಯ ಕೊಡಲು ನಿರಾಕರಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರಿನೊಳಗೆ ಪ್ರವೇಶವಿಲ್ಲವೆಂಬ ಫಲಕವನ್ನು ಹಾಕಿದರು. ವೀರಭದ್ರ ದೇವಾಲಯದ ಮೇಲೆ ಧ್ವಜ ಹಾರಿಸಿ ತಮ್ಮದೇ ಆಡಳಿತವನ್ನು ಸಾರಿದರು. ಈ ಆಡಳಿತದಲ್ಲಿ ಜಯಣ್ಣ ಅಮಲ್ದಾರನಾದನು, ಮಲ್ಲಪ್ಪ ಸಬ್‌ಇನ್ಸ್‌ಪೆಕ್ಟರ್ ಆದನು. ಬಾಲಕರನ್ನು ಸರ್ಕಾರ ಜೈಲಿಗೆ ಹಾಕಲಾರದು ಎಂಬ ಎಣಿಕೆ ಈ ನೇಮಕದ ಹಿಂದಿತ್ತೆಂಬ ವಿವರಣೆ ಕಥನಗಳಲ್ಲಿ ಬರುತ್ತದೆ. ಸೆಪ್ಟೆಂಬರ್ 28ರಂದು ಶಿಕಾರಿಪುರದ ಅಮಲ್ದಾರ ಚೆನ್ನಕೃಷ್ಣಪ್ಪ ಮತ್ತು ಸಬ್‌ಇನ್ಸ್‌ಪೆಕ್ಟರ್ ಕೆಂಚೇಗೌಡ ಪೊಲೀಸರೊಡನೆ ಊರಿಗೆ ಬಂದರು. ಗಾಂಧಿ ಟೋಪಿ ಧರಿಸಬೇಕೆಂಬ ಒತ್ತಾಯ, ಅದಕ್ಕೆ ಪ್ರತಿರೋಧ, ಘರ್ಷಣೆ ಇವುಗಳ ಕೊನೆಗೆ ಇಬ್ಬರೂ ಅಧಿಕಾರಿಗಳು ಕೊಲೆಯಾದರು. ಬಳಿಕ ಊರಿಗೆ ಸೈನ್ಯ ಬಂದಿತು, ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡೇಕಲ್ಲಿ ಹಾಲಪ್ಪ ಮತ್ತು ಗೌಡ್ರ ಶಂಕರಪ್ಪ ಗಲ್ಲಿಗೇರಿದರು. ಮಹಿಳೆಯರೂ ಸೇರಿದಂತೆ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು.

ಜಾನಪದ ದೃಷ್ಟಿಯಿಂದ ನೋಡಿದರೆ ಬಾಲ ಅಧಿಕಾರಿಗಳ ನೇಮಕವು ಒಂದು ಅಣಕದ ವಿಧಿ. ಮಕ್ಕಳು ಚೀಟಿ ಎತ್ತಿ ಆಡುವ 'ರಾಜ ಮಂತ್ರಿ ಕಳ್ಳ ಪೊಲೀಸ್' ಆಟದಲ್ಲಿ ಯಾರು ಬೇಕಾದರೂ ರಾಜನಾಗಬಹುದು, ಯಾರು ಬೇಕಾದರೂ ಕಳ್ಳನಾಗಬಹುದು. ಅಧಿಕಾರವೆಂಬುದು ಚೀಟಿಯ ಮೇಲಿನ ಬರಹ ಮಾತ್ರ ಎಂಬುದು ಆ ಆಟದ ಒಳಧ್ವನಿ. ಅಮಲ್ದಾರಿಕೆಯನ್ನು ಹುಡುಗನಿಗೆ ಕೊಟ್ಟಾಗ ಈಸೂರು ಪ್ರಭುತ್ವಕ್ಕೆ ಹೇಳಿದ್ದೂ ಇದನ್ನೇ. ಇದು ಅತ್ಯಂತ ಸಮರ್ಥವಾದ ರಾಜಕೀಯ ಸಂಕೇತ. ಆದರೆ ಸಂಕೇತದ ಒಳಗಿದ್ದವರು ಜೀವಂತ ಮಕ್ಕಳು. ನಿಜವಾದ ಅಮಲ್ದಾರನೂ ನಿಜವಾದ ಇನ್ಸ್‌ಪೆಕ್ಟರನೂ ಊರೊಳಗೆ ಬಂದಾಗ ಆಟ ಮುಗಿಯಿತು. ಹುದ್ದೆ ಮಕ್ಕಳದು, ನಿರ್ಧಾರ ಹಿರಿಯರದು, ರಕ್ತಪಾತದ ನೋಟ ಮಾತ್ರ ಎಲ್ಲರದು. ಪ್ರಚಲಿತ ಕಥನವು ಮಕ್ಕಳ ನೇಮಕವನ್ನು ಹೆಮ್ಮೆಯಿಂದ ಹೇಳಿ, ಕೂಡಲೇ ಹುತಾತ್ಮರ ಕಡೆಗೆ ಸಾಗಿಬಿಡುತ್ತದೆ. ಸುಟ್ಟ ಮನೆಗಳ ನಡುವೆ, ಕಾಡಿನಲ್ಲಿ ಅವಿತ ದಿನಗಳಲ್ಲಿ ಮಕ್ಕಳ ಭಯ ಏನಾಗಿತ್ತು ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಇದನ್ನು ಹೇಳುವುದರಿಂದ ಈಸೂರಿನ ತ್ಯಾಗದ ಬೆಲೆ ಕಡಿಮೆಯಾಗದು. ಮಕ್ಕಳಿಗೆ ಪದವಿ ಕೊಟ್ಟು ಅಭಯವನ್ನು ಮರೆಯುವುದು ಹಿರಿಯರ ಲೋಕದ ಹಳೆಯ ವಾಡಿಕೆ ಎಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಹುಡುಗಾಟ, ಚಾಡಿ ಮತ್ತು ಲೆಕ್ಕ

ಶಾಲೆಯೊಳಗಿನ ಪೀಡನೆಗೆ ಕನ್ನಡದಲ್ಲಿ ಒಂದೇ ನಿಶ್ಚಿತ ಪದವಿಲ್ಲ. ಕೀಟಲೆ, ರೇಗಿಸುವುದು, ಛೇಡಿಸುವುದು, ಗೋಳುಹೊಯ್ದುಕೊಳ್ಳುವುದು, ಕಿರುಕುಳ, ದಬ್ಬಾಳಿಕೆ ಹೀಗೆ ತಮಾಷೆಯಿಂದ ಕ್ರೌರ್ಯದವರೆಗೆ ಹಬ್ಬಿದ ಪದಗಳ ಸಾಲೇ ಇದೆ. ಇವೆಲ್ಲವನ್ನೂ ಒಟ್ಟಿಗೆ ಮುಚ್ಚಿಹಾಕಬಲ್ಲ ಪದವೆಂದರೆ ಹುಡುಗಾಟ. ಹುಡುಗಾಟವೆಂದ ಕೂಡಲೇ ಹಿರಿಯರ ವಿಚಾರಣೆ ನಿಲ್ಲುತ್ತದೆ. ಆದರೆ ಜನಪದವು ಇನ್ನೊಂದು ಕಡೆಯಿಂದ ನೋಡುವುದನ್ನೂ ಬಲ್ಲುದು. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯು ಒಂದೇ ಕ್ರಿಯೆಗೆ ಎರಡು ಅನುಭವಗಳಿವೆಯೆಂದು ಹೇಳುತ್ತದೆ. ನಾರ್ವೆಯಲ್ಲಿ ಕೆಲಸ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವಿಯಸ್ 1970ರ ದಶಕದಿಂದ ನಡೆಸಿದ ಅಧ್ಯಯನಗಳಲ್ಲಿ ಪೀಡನೆಗೆ ಮೂರು ಲಕ್ಷಣಗಳನ್ನು ಗುರುತಿಸಿದರು: ನೋಯಿಸುವ ಉದ್ದೇಶ, ಪುನರಾವರ್ತನೆ, ಮತ್ತು ಬಲದ ಅಸಮತೆ. ಈ ಮೂರನೆಯ ಲಕ್ಷಣವನ್ನು ಗಾದೆಯು ಬೆಕ್ಕು ಮತ್ತು ಇಲಿಗಳ ರೂಪದಲ್ಲಿ ಹಿಡಿದಿಟ್ಟಿದೆ. ಸಮಬಲರ ಜಗಳವನ್ನೂ ಪೀಡನೆಯನ್ನೂ ಬೇರ್ಪಡಿಸಲು ಈ ಒಂದು ಅಳತೆಯೇ ಬಹುಪಾಲು ಸಾಕು. ಜಾತಿ, ಬಡತನ, ಮೈಬಣ್ಣ, ಅಂಗವೈಕಲ್ಯ, ಮಾತಿನ ಧಾಟಿ ಇವುಗಳ ಮೇಲೆ ಕಟ್ಟಿದ ಅಡ್ಡಹೆಸರುಗಳಲ್ಲಿ ಈ ಅಸಮತೆ ಪ್ರತಿದಿನವೂ ಉಚ್ಚಾರಗೊಳ್ಳುತ್ತದೆ.

ಎರಡನೆಯ ಪದ ಚಾಡಿ. ನೊಂದ ಮಗು ಹಿರಿಯರಿಗೆ ಹೇಳಿದರೆ ಅದು ಚಾಡಿ, ಹೇಳಿದವನು ಚಾಡಿಕೋರ. ದೊಡ್ಡವರು ಠಾಣೆಗೆ ಕೊಟ್ಟರೆ ದೂರು, ಮಗು ಉಪಾಧ್ಯಾಯರಿಗೆ ಕೊಟ್ಟರೆ ಚಾಡಿ. ಈ ಶಬ್ದಭೇದದಲ್ಲಿಯೇ ಮಗುವಿನ ಮಾತಿನ ಸ್ಥಾನ ನಿರ್ಧಾರವಾಗಿಬಿಡುತ್ತದೆ. ಪೀಡಕನಿಗೆ ದೊರೆಯುವ ದೊಡ್ಡ ರಕ್ಷಣೆಯೆಂದರೆ ಈ ಪದವೇ.

ಮೂರನೆಯದು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ನುಡಿಗಟ್ಟು. ಲಗೋರಿ, ಚಿನ್ನಿದಾಂಡು, ಮರಕೋತಿಯಂತಹ ಆಟಗಳಲ್ಲಿ ತೀರ ಚಿಕ್ಕ ಮಗು ಹಠ ಹಿಡಿದರೆ ಅದನ್ನು ಓಡಿಸುವುದಿಲ್ಲ. ಆಟಕ್ಕೆ ಸೇರಿಸಿಕೊಳ್ಳುತ್ತಾರೆ, ಆದರೆ ಔಟಾದರೂ ಔಟಲ್ಲ. ಯಾವ ಹಿರಿಯರ ಆದೇಶವೂ ಇಲ್ಲದೆ ಮಕ್ಕಳೇ ಕಟ್ಟಿಕೊಂಡ ರಕ್ಷಣೆಯ ನಿಯಮವಿದು. ಬಲಹೀನರನ್ನು ಹೊರಗಿಡದೆಯೂ ಪೆಟ್ಟಾಗದಂತೆಯೂ ನೋಡಿಕೊಳ್ಳುವ ವಿವೇಕ ಮಕ್ಕಳ ಜಾನಪದದಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ. ಇದೇ ಮಾತು ದೊಡ್ಡವರ ಬಾಯಿಗೆ ಬಂದಾಗ ಮಾತ್ರ, ಹೆಸರಿಗೆ ಇದ್ದೂ ಬೆಲೆಯಿಲ್ಲದವರನ್ನು ಹಂಗಿಸುವ ಮಾತಾಗುತ್ತದೆ. ಈಸೂರಿನ ಬಾಲ ಅಮಲ್ದಾರನಿಗೂ ಶಾಲೆಯ ಬಾಲ ಮಂತ್ರಿಗೂ ಹಿರಿಯರು ಕೊಟ್ಟದ್ದು ಈ ಎರಡನೆಯ ಅರ್ಥದ ಸ್ಥಾನ.

ಶಾಲಾ ಮಂತ್ರಿಮಂಡಲದಿಂದ ಮಕ್ಕಳ ಗ್ರಾಮಸಭೆಗೆ

ಕರ್ನಾಟಕದ ಪ್ರಾಥಮಿಕ, ಪ್ರೌಢ ಶಾಲೆಗಳಲ್ಲಿ ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಮೊದಲಾದ ಹುದ್ದೆಗಳಿಗೆ ಚುನಾವಣೆ ನಡೆಯುತ್ತದೆ. ಪ್ರಜಾಪ್ರಭುತ್ವದ ಅಭ್ಯಾಸವಾಗಿ ಇದರ ಮೌಲ್ಯ ದೊಡ್ಡದು. ಆದರೆ ಈ ಮಂತ್ರಿಗಳ ಪಾಲಿಗೆ ಬರುವುದು ಗಿಡಕ್ಕೆ ನೀರು, ಪ್ರಾರ್ಥನೆಯ ಸಾಲು, ಕಸದ ಬುಟ್ಟಿ. ಹೊಡೆತ ತಿಂದ ಮಗುವಿನ ಮಾತನ್ನು ಕೇಳುವ ಖಾತೆ ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಿಧಾನವಾಗಿ ಮುಂದೆ ಬಂದಿದೆ. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು 1995ರಲ್ಲಿ ಜಾರಿಗೆ ಬಂದಾಗ, ವಿದ್ಯಾರ್ಥಿಯ ಘನತೆಗೆ ಕುಂದು ತರುವ ಅಥವಾ ಅವನನ್ನು ಅಪಹಾಸ್ಯಕ್ಕೀಡುಮಾಡುವ ಕೃತ್ಯಕ್ಕೆ ಬಲವಂತಪಡಿಸುವುದನ್ನು ರ್‍ಯಾಗಿಂಗ್ ಎಂದು ವ್ಯಾಖ್ಯಾನಿಸಿ ಶಿಕ್ಷಾರ್ಹಗೊಳಿಸಿತು. ತಮಾಷೆಗಾಗಿ ಮಾಡಿದರೂ ಅದು ಅಪರಾಧವೇ ಎಂಬುದನ್ನು ಈ ವ್ಯಾಖ್ಯಾನ ಸೇರಿಸಿಕೊಂಡಿರುವುದು ಮುಖ್ಯ; ಹುಡುಗಾಟವೆಂಬ ಮುಸುಕನ್ನು ಕಾನೂನು ಇಲ್ಲಿ ಸರಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕೋದಂಡದಿಂದ ಈ ಪ್ರಕರಣದವರೆಗಿನ ದಾರಿ ಸಣ್ಣದಲ್ಲ. ಬೆತ್ತ ಹಿಡಿಯದ ಉಪಾಧ್ಯಾಯರಿರುವ ಶಾಲೆಯಲ್ಲಿ ಮಾತ್ರ ಮಕ್ಕಳಿಗೆ ಹೊಡೆಯಬೇಡಿರೆಂದು ಹೇಳುವ ನೈತಿಕ ಹಕ್ಕು ಹಿರಿಯರಿಗೆ ಉಳಿಯುತ್ತದೆ.

ಆದರೆ ಶಿಕ್ಷೆಯ ಭಯವೊಂದೇ ಪೀಡನೆಯನ್ನು ತಡೆಯಲಾರದೆಂಬುದು ಹೊರನಾಡುಗಳ ಅನುಭವ. ನಾರ್ವೆ 1983ರಲ್ಲಿ ರಾಷ್ಟ್ರವ್ಯಾಪಿ ಆಂದೋಲನವನ್ನೇ ಆರಂಭಿಸಬೇಕಾಯಿತು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿ 2009ರಿಂದ ದೇಶದ ಶಾಲೆಗಳಿಗೆ ವಿಸ್ತರಿಸಿದ ಕಾರ್ಯಕ್ರಮವು ಪೀಡಕ ಮತ್ತು ಪೀಡಿತರಿಗಿಂತ ಹೆಚ್ಚಾಗಿ ಸುತ್ತ ನಿಂತು ನೋಡುವ ಮಕ್ಕಳ ಮೇಲೆ ಗಮನವಿಟ್ಟಿತು. ನೋಡುಗರು ನಕ್ಕರೆ ಹಿಂಸೆ ಬೆಳೆಯುತ್ತದೆ. ನೋಡುಗರು ನೊಂದವರ ಪಕ್ಕ ನಿಂತರೆ ಅದು ಕುಗ್ಗುತ್ತದೆ. ಕನ್ನಡ ಮಕ್ಕಳೆಲ್ಲ ಓದಿ ಬೆಳೆದ ಗೋವಿನ ಹಾಡಿನಲ್ಲಿಯೂ ಈ ಅಂಶವಿದೆ. ಪುಣ್ಯಕೋಟಿಯ ಸತ್ಯಕ್ಕೆ ಹುಲಿ ಮಣಿದುದನ್ನು ಎಲ್ಲರೂ ಎತ್ತಿಹೇಳುತ್ತಾರೆ. ಹಟ್ಟಿಯ ಇತರ ಹಸುಗಳು ತಬ್ಬಲಿಯಾಗಲಿರುವ ಕರುವಿನ ಹೊಣೆ ಹೊತ್ತುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಎಲ್ಲ ಹುಲಿಗಳೂ ಸತ್ಯಕ್ಕೆ ಮಣಿಯುವುದಿಲ್ಲ. ಆದುದರಿಂದ ಶಾಲೆಗೆ ಹೆಚ್ಚು ಬೇಕಾದ ಪಾಠ ಆ ಹಸುಗಳದು.

ಕರ್ನಾಟಕದಲ್ಲಿ ಇದಕ್ಕೆ ನೆಲೆಯಾಗಬಲ್ಲ ಪ್ರಯೋಗಗಳೂ ನಡೆದಿವೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಂತಹ ಗ್ರಾಮಗಳಲ್ಲಿ ಮಕ್ಕಳ ಪಂಚಾಯ್ತಿಗಳು ಹುಟ್ಟಿಕೊಂಡವು. ಅನಂತರ ಗ್ರಾಮ ಪಂಚಾಯ್ತಿಗಳು ಮಕ್ಕಳ ಗ್ರಾಮಸಭೆ ನಡೆಸುವ ಪರಿಪಾಠ ರಾಜ್ಯದಾದ್ಯಂತ ಬೆಳೆಯಿತು. ಇಲ್ಲಿ ಮಗು ಎದ್ದು ನಿಂತು ಹೇಳಿದ ಮಾತು ನಡಾವಳಿ ಪುಸ್ತಕಕ್ಕೆ ಸೇರುತ್ತದೆ. ಅಧಿಕಾರಿಗಳು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಶಾಲೆಯ ದಾರಿಯಲ್ಲಿ ದೊಡ್ಡವರು ಕಾಡುತ್ತಾರೆ ಎಂಬಂತಹ ಮಾತು ಇಲ್ಲಿ ಚಾಡಿಯಾಗಿ ಉಳಿಯದೆ ದೂರಾಗುತ್ತದೆ. ಇದೇ ತತ್ತ್ವವು ಶಾಲೆಯ ಒಳಕ್ಕೂ ಬರಬೇಕಾಗಿದೆ. ಹೆಸರು ಬಹಿರಂಗವಾಗದಂತೆ ದೂರು ಹೇಳಲು ಒಂದು ಪೆಟ್ಟಿಗೆ, ಅದನ್ನು ನಿಗದಿತ ದಿನ ತೆರೆದು ಓದುವ ಉಪಾಧ್ಯಾಯರು, ಕೈಗೊಂಡ ಕ್ರಮವನ್ನು ಶಾಲಾಭಿವೃದ್ಧಿ ಸಮಿತಿಯ ಮುಂದಿಡುವ ಕ್ರಮ, ಶಾಲೆ ಕೇಳದಿದ್ದರೆ 1098 ಸಹಾಯವಾಣಿ, ಇವು ದುಬಾರಿಯ ವ್ಯವಸ್ಥೆಗಳಲ್ಲ. ಮಂತ್ರಿಮಂಡಲದಲ್ಲಿ ಇದಕ್ಕೊಂದು ಖಾತೆಯೂ ಇರಬಹುದು. ಆದರೆ ಆ ಖಾತೆಯ ಮಗುವಿನ ಕೆಲಸ ನೊಂದವರನ್ನು ಹಿರಿಯರ ಬಳಿಗೆ ಕರೆತರುವುದು ಮಾತ್ರ. ತೀರ್ಪು ಹೇಳುವ, ಶಿಕ್ಷಿಸುವ ಹೊಣೆ ಹಿರಿಯರದೇ. ಇದನ್ನು ಮರೆತರೆ ಮಾನಿಟರನ ಕೈಗೆ ಮತ್ತೊಂದು ಬೆತ್ತ ಕೊಟ್ಟಂತಾಗುತ್ತದೆ.

ಸಮಾರೋಪ

ತಾಳಗುಂದ, ಬಳ್ಳಿಗಾವೆ, ಈಸೂರು ಮೂರೂ ಒಂದೇ ತಾಲ್ಲೂಕಿನ ಊರುಗಳು. ಅವಮಾನಿತ ವಿದ್ಯಾರ್ಥಿ ಖಡ್ಗ ಹಿಡಿಯುತ್ತಾನೆಂದು ಮೊದಲನೆಯದು ಹೇಳುತ್ತದೆ. ವಿದ್ಯಾಸ್ಥಾನವೆಂದರೆ ಅಭಯಸ್ಥಾನವೆಂದು ಎರಡನೆಯದು ಹೇಳುತ್ತದೆ. ಅಭಯವಿಲ್ಲದ ಅಧಿಕಾರ ಮಕ್ಕಳನ್ನು ಎಲ್ಲಿಗೆ ಒಯ್ದು ನಿಲ್ಲಿಸುತ್ತದೆಂದು ಮೂರನೆಯದು ತೋರಿಸುತ್ತದೆ. ಈಸೂರಿನ ಹೋರಾಟವನ್ನು ಸ್ಮರಿಸುವ ಸಂದರ್ಭಗಳಲ್ಲಿ ಐವರು ಹುತಾತ್ಮರ ಹೆಸರುಗಳ ಜೊತೆಗೆ ಇಬ್ಬರು ಬಾಲಕರ ಹೆಸರುಗಳನ್ನೂ ಹೇಳುವುದು ವಾಡಿಕೆಯಾಗಬೇಕು. ಅವರನ್ನು ಪುಟ್ಟ ವೀರರೆಂದು ಕೊಂಡಾಡಿದರಷ್ಟೇ ಸಾಲದು; ಮಕ್ಕಳನ್ನು ಮುಂದೆ ನಿಲ್ಲಿಸಿದವರು ಅವರ ಬೆನ್ನಿಗೂ ನಿಲ್ಲಬೇಕೆಂಬ ಋಣವನ್ನು ಆ ಹೆಸರುಗಳು ನೆನಪಿಸಬೇಕು. ತಮ್ಮ ಆಟದ ಬಯಲಿನಲ್ಲಿ ಅತಿ ಚಿಕ್ಕವರನ್ನು ಹೊರಗಿಡದೆ ಕಾಪಾಡುವ ನಿಯಮವನ್ನು ಮಕ್ಕಳು ತಾವೇ ರೂಪಿಸಿಕೊಂಡಿದ್ದಾರೆ. ಅವರ ಮಾತನ್ನು ಲೆಕ್ಕಕ್ಕೆ ಸೇರಿಸುವ ಕೆಲಸ ಮಾತ್ರ ಹಿರಿಯರ ಪಾಲಿಗೆ ಉಳಿದಿದೆ.